ರಾಮಾಂಜಿನಮ್ಮ ಕಲ್ಯಾಣದುರ್ಗದ ಬಸ್ಸು ಹತ್ತಿದ್ದು

ಹಿಂದೂಪುರದ ನೇಕಾರರ ಬೀದಿಯಲ್ಲಿ ಮಕ್ಕಳನ್ನು ಹೆತ್ತ ಹೆಂಗಸರು ಸೀನು ಬರುವ ಮುಂಚೆ ಕಾಲಿಗೆ ಕಾಲು ಹೆಣೆದುಕೊಂಡು ನಿಲ್ಲುತ್ತಿದ್ದರು. ಹೀಗೆ ನಿಲ್ಲಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಯಾಕೆ ಹಾಗೆ ನಿಲ್ಲುತ್ತೀಯೆಂದು ಯಾರೂ ಯಾರನ್ನೂ ಕೇಳಿರಲೂ ಇಲ್ಲ. ಬೀದಿಯ ಗಂಡಸರು ಮಾತ್ರ ಇದನ್ನು ನೋಡಿ, ನಮ್ಮ ಹೆಂಗಸರು ಸೀನುವುದರಲ್ಲೂ ಎಷ್ಟು ಮರ್ಯಾದಸ್ಥರು ಎಂದು ಸಂತೋಷಪಟ್ಟು ಬೀಡಿ ಹಚ್ಚುತ್ತಿದ್ದರು.

ಆ ಬೀದಿಯ ರಾಮಾಂಜಿನಮ್ಮ ಕಾಲು ಹೆಣೆದು ನಿಲ್ಲುವ ಹಂತವನ್ನು ದಾಟಿಹೋಗಿದ್ದಳು. ಕೆಮ್ಮಿದರೆ ಒಂದಿಷ್ಟು, ನಕ್ಕರೆ ಒಂದಿಷ್ಟು, ಬಿಂದಿಗೆ ಎತ್ತಿದರೆ ಇನ್ನೊಂದಿಷ್ಟು ಉಚ್ಚೆ ತಾನಾಗಿಯೇ ಹೋಗಿಬಿಡುತ್ತಿತ್ತು. ಮೂರನೆಯ ಹೆರಿಗೆಯಾದಾಗ ಶುರುವಾದದ್ದು, ವಯಸ್ಸು ನಲವತ್ತು ದಾಟಿದ ಮೇಲೆ ಇನ್ನೂ ಜಾಸ್ತಿಯಾಗಿತ್ತು. ಅವಳು ಎರಡೆರಡು ಲಂಗ ಉಡುತ್ತಿದ್ದಳು. ಬಿಳಿ, ಹಳದಿ, ತಿಳಿಗುಲಾಬಿ ಬಣ್ಣದ ಸೀರೆಗಳನ್ನೆಲ್ಲ ಮಡಿಸಿ ಟ್ರಂಕಿನ ತಳಕ್ಕೆ ಹಾಕಿದ್ದಳು. ಹೊರಗೆ ಹೋಗುವ ದಿನ ಬೆಳಗಿನಿಂದ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಹಿಂದೂಪುರದ ಬಿಸಿಲಿನಲ್ಲಿ ಅದು ಸಣ್ಣ ವ್ರತವೇನಲ್ಲ.

ಅವಳದು ಗಂಡ ಹೆಂಡತಿ ಇಬ್ಬರೂ ನೇಯುವ ಮನೆ. ನೆಲದಲ್ಲಿ ಗುಂಡಿ ತೋಡಿ, ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಗುಂಡಿಯಲ್ಲಿರುವ ಹಲಗೆಯನ್ನು ಕಾಲಿನಿಂದ ಒತ್ತಿದಾಗಲೂ ಹಾಗೇ ಆಗುತ್ತಿತ್ತು. "ಗುಂಡಿಯಾಗೆ ಥಂಡಿ, ನಂಗೆ ಆಗ್ಬರಲ್ಲ" ಎಂದು ಹೇಳಿ ಅವಳು ಮಗ್ಗದಿಂದ ಎದ್ದುಬಿಟ್ಟಳು. ಗಂಡ ಸೀತಾರಾಮಪ್ಪ ಮಾತಿಗಿಂತ ಕೆಲಸ ನಂಬಿದ ಮನುಷ್ಯ. ಮಾರನೇ ವಾರವೇ ಗುಂಡಿಯ ತಳಕ್ಕೆ ಸಿಮೆಂಟು ಹಾಕಿಸಿ, ಮೇಲೊಂದು ಗೋಣಿಚೀಲ ಹಾಸಿ, "ಈಗ ಕೂತ್ಕೊ, ರಾಜಮನೆ ಆಗೈತೆ" ಎಂದ. ರಾಮಾಂಜಿನಮ್ಮನಿಗೆ ಇದ್ದ ಒಂದು ನೆಪವೂ ಹೋಯಿತು. ಆಗ ಸೊಂಟ ನೋವು ಎಂದಳು. ಸೊಂಟಕ್ಕೆ ಯಾರೂ ಸಿಮೆಂಟು ಹಾಕಿಸಲಾರರು.

ಇಂಥ ಹೊತ್ತಿನಲ್ಲಿ ಒಂದು ದಿನ ಬೀಗರು ವೆಂಕಟೇಶಪ್ಪ ಬಂದರು. ಕಲ್ಯಾಣದುರ್ಗದಲ್ಲಿ ಅವರದು ಕಿರಾಣಿ ಅಂಗಡಿ. ಹುಣಿಸೇಹಣ್ಣು ಕೊಳ್ಳಲು ಹಿಂದೂಪುರದ ಮಂಡಿಗೆ ಬರುತ್ತಿದ್ದರು. ರಾಮಾಂಜಿನಮ್ಮನ ಮಗಳು ರಂಗಲಕ್ಷ್ಮಮ್ಮನನ್ನು ಅವರ ಮಗನಿಗೇ ಕೊಟ್ಟಿದ್ದು.

"ಸಿಹಿ ಸುದ್ದಿ ಅಕ್ಕಯ್ಯ," ಎಂದರು ಕೂತವರೇ. "ನಿಮ್ಮ ರಂಗಿಗೆ ಈಗ ಮೂರು ತಿಂಗ್ಳು. ಏಳನೇ ತಿಂಗ್ಳಾಗೆ ಸೀಮಂತ ಇಕ್ಕೊಂಡಿದೀವಿ."

ರಾಮಾಂಜಿನಮ್ಮನ ಮುಖ ಅರಳಿತು.

"ಈ ಸಲ ನೀವು ಬರ್ಲೇಬೇಕು, ನೆಪ ಹೇಳಂಗಿಲ್ಲ," ಎಂದರು ಬೀಗರು. "ಹೊಸ ಮನೆ ಗೃಹಪ್ರವೇಶಕ್ಕೂ ಬರ್ಲಿಲ್ಲ, ಯುಗಾದಿಗೂ ಬರ್ಲಿಲ್ಲ. ನಮ್ಮ ಮನೆಯವ್ಳು ಏನಂತಾಳೆ ಗೊತ್ತಾ? ನಮ್ಮನೇ ನೀರು ಕುಡಿಯಾಕೆ ಬೀಗಿತ್ತಿಗೆ ಮನಸ್ಸಿಲ್ವೇನೋ ಅಂತಾಳೆ. ನಾನು ಹಂಗೆಲ್ಲ ಅನ್ಬ್ಯಾಡ ಅಂತ ಬೈದೆ ಅನ್ನಿ."

ಬೈದೆ ಎಂದು ಹೇಳುವ ನೆಪದಲ್ಲಿ ಹೇಳಬೇಕಾದದ್ದನ್ನು ಹೇಳಿ ಮುಗಿಸಿ, ಕೊಟ್ಟ ಕಾಫಿ ಕುಡಿದು ಹೊರಟರು.

ರಾಮಾಂಜಿನಮ್ಮನ ತವರಿನಲ್ಲಿ ಒಂದು ನಡವಳಿಕೆ ಇತ್ತು. ಚೊಚ್ಚಲು ಸೀಮಂತಕ್ಕೆ ಮಗಳು ಉಡುವ ಹಸಿರು ಸೀರೆಯನ್ನು ತಾಯಿಯೇ ನೇಯಬೇಕು, ಕೊಂಡು ತರುವಂತಿಲ್ಲ; ಮಡಿಲನ್ನೂ ತಾಯಿಯೇ ತುಂಬಬೇಕು. ಅವಳ ತಾಯಿ ಅವಳಿಗೆ ಹಾಗೇ ಮಾಡಿದ್ದಳು. ಈಗ ಅವಳು ಮಗ್ಗದಲ್ಲಿ ಕೂರಬೇಕು, ಕಲ್ಯಾಣದುರ್ಗದ ಬಸ್ಸಿನಲ್ಲೂ ಕೂರಬೇಕು. ಎರಡೂ ಅವಳ ಕೈಲಾಗದ ಕೆಲಸ. ಆ ಬಸ್ಸು ಅರ್ಧ ದಿನ ಓಡುತ್ತಿತ್ತು. ನಡುವೆ ಎಲ್ಲಿ ನಿಂತರೂ ಗಂಡಸರಿಗೆ ಬೇಲಿಯ ಸಾಲಿತ್ತು, ಹೆಂಗಸರಿಗೆ ಆ ಬೇಲಿಯ ಮೇಲಿನ ಆಕಾಶವಿತ್ತು.

ಮಗ್ಗ ಬಿಟ್ಟ ಮೇಲೆ ರಾಮಾಂಜಿನಮ್ಮ ಹುಣಿಸೇ ಮಂಡಿಗೆ ಕೂಲಿಗೆ ಹೋಗುತ್ತಿದ್ದಳು. ಅಲ್ಲಿ ಹೆಂಗಸರು ಸಾಲಾಗಿ ಕೂತು ಹುಣಿಸೇಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಅವಳ ಪಕ್ಕದ ಮನೆಯ ತಿಪ್ಪಕ್ಕ ಆ ಸಾಲಿನ ರೇಡಿಯೋ. ಆ ದಿನ ಅವಳು ಗಂಡ ನಾರಪ್ಪನ ಕಥೆ ಹೇಳುತ್ತಿದ್ದಳು. ಹೊಸ ಟೀವಿಗೆ ಚಿತ್ರ ಬರಲೆಂದು ನಾರಪ್ಪ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದನಂತೆ.

"ಮೇಲಿಂದ 'ಬಂತಾ?' ಅಂತಾನೆ. ಕೆಳಗಿಂದ ಇಡೀ ಬೀದಿ 'ರಾಲೇದು, ಬಂದಿಲ್ಲ' ಅಂತೈತೆ. ತಿರುಗ್ಸಿದ, ತಿರುಗ್ಸಿದ, ಆಂಟೆನಾ ಜತೆಗೆ ಅವ್ನೂ ತಿರುಗ್ಬುಟ್ಟು ಕೆಳಗೆ ನೂಲಿಗೆ ಕಲಸಿಟ್ಟಿದ್ದ ನೀಲಿ ಬಣ್ಣದ ತೊಟ್ಟಿಗೆ ಬಿದ್ದ ಕಣ್ರೇ! ಎದ್ದು ನಿಂತ್ರೆ ನಾಟಕದ ಕೃಷ್ಣ. ಅವಾಗ ನೋಡು, ಒಳಗೆ ಟೀವಿನಾಗೆ ಚಿತ್ರ ಬಂತು!"

ಸಾಲು ಸಾಲೇ ಬಿದ್ದು ಬಿದ್ದು ನಕ್ಕಿತು. ರಾಮಾಂಜಿನಮ್ಮ ನಗುವ ಮುಂಚೆಯೇ ಎದ್ದು ಮೂಟೆಗಳ ಹಿಂದಕ್ಕೆ ಓಡಿದಳು. ಸೀರೆ ಹಿಂಡಿಕೊಂಡು ತಿರುಗಿದರೆ ತಿಪ್ಪಕ್ಕ ಎದುರಿಗೇ ನಿಂತಿದ್ದಳು.

"ಏನಾಯ್ತೇ ರಾಮಾಂಜಿ?"

"ಏನಿಲ್ಲ ಬುಡಕ್ಕ. ಸೊಂಟ ನೋವು."

"ನಕ್ಕಾಗ ಬರೋ ಸೊಂಟ ನೋವಾ? ನಂಗೂ ಇತ್ತು ಕಣೆ. ಎರಡು ಲಂಗ ಉಡೋ ಸೊಂಟ ನೋವು."

ರಾಮಾಂಜಿನಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರುಕ್ಷಣವೇ, ಇಷ್ಟು ವರ್ಷದಲ್ಲಿ ಮೊದಲ ಸಲ, ಎದೆ ಹಗುರವೂ ಆಯಿತು.

"ನಿಂಗೂನಾ ಅಕ್ಕ?"

"ಹೋದ್ವರ್ಷದ ತಂಕ. ಆಮ್ಯಾಕೆ ಹೆಂಗಸ್ರ ಆಸ್ಪತ್ರೆಗೆ ಹೋದೆ. ಗುರುವಾರ ಗುರುವಾರ ಬೆಂಗ್ಳೂರಿಂದ ರೈಲ್ನಾಗೆ ಗಂಗಾದೇವಿ ಅಂತ ಒಬ್ರು ಮೇಡಮ್ಮು ಬತ್ತಾರೆ. ಫಿಜಿಯೋಥೆರಪಿ ಅಂತಾರಪ್ಪ ಅದುಕ್ಕೆ. ಸೂಜಿ ಇಲ್ಲ, ಆಪರೇಶನ್ ಇಲ್ಲ. ಕಸರತ್ತು."

"ಈ ವಯಸ್ಸಿನಾಗೆ ಗರಡಿಗೆ ಹೋಗ್ಲಾ ನಾನು?"

"ಕುಂತ ಜಾಗದಾಗೆ ಮಾಡೋ ಕಸರತ್ತು ಕಣೆ. ಪಕ್ಕದಾಗೆ ಕುಂತೋರ್ಗೂ ಗೊತ್ತಾಗಲ್ಲ. ಈಗ್ಲೂ ಮಾಡ್ತಾ ಇದೀನಿ, ನೋಡು."

ರಾಮಾಂಜಿನಮ್ಮ ಮೇಲಿಂದ ಕೆಳಗೆ ನೋಡಿದಳು. ತಿಪ್ಪಕ್ಕನ ಮುಖದಲ್ಲಿ ದಿನವೂ ಇರುವ ಹೆಮ್ಮೆ ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಆಸ್ಪತ್ರೆಗೆ ಯಾಕಕ್ಕ ಹೋಗೋದು, ಯಾರಾನ ನೋಡಿದ್ರೆ? ಹೆಂಗೆ ಅಂತ ನೀನೇ ಹೇಳ್ಬುಡು."

ಹೇಳಿಕೊಡು ಎಂದರೆ ತಿಪ್ಪಕ್ಕ ಇಲ್ಲವೆಂದವಳೇ ಅಲ್ಲ. "ಒಳಗೆ ಬಿಗಿ ಹಿಡ್ದು ಮೇಲಕ್ಕೆ ಎತ್ಬೇಕು. ಅಷ್ಟೇ! ದಿನಾ ಮಾಡು, ಮೂರು ತಿಂಗ್ಳಾಗೆ ನೀನೇ ನಂಗೆ ಹೋಳಿಗೆ ಮಾಡ್ಕೊಡ್ತೀಯ."

ರಾಮಾಂಜಿನಮ್ಮ ಅಂದಿನಿಂದಲೇ ಶುರುಮಾಡಿದಳು. ಸೀರೆಯ ಹಸಿರು ನೂಲು ಮಗ್ಗಕ್ಕೆ ಏರಿತ್ತು, ಅಂಚಿಗೆ ಕುಂಕುಮದ ಕೆಂಪು. ಮಗ್ಗದಲ್ಲಿ ಕೂತೇ ಮಾಡೋಣ, ಸೀರೆಯೂ ಸಾಗುತ್ತದೆ, ರೋಗವೂ ಹೋಗುತ್ತದೆ ಎಂದುಕೊಂಡಳು. ಉಸಿರು ಬಿಗಿಹಿಡಿದು, ಹಲ್ಲು ಕಚ್ಚಿ, ಮೈಯ ಬಲವನ್ನೆಲ್ಲ ಹಾಕಿ ಎತ್ತಿದಳು. ಎತ್ತಿ ಎತ್ತಿ ಮುಖ ಕೆಂಪಾಯಿತು.

ಸೀತಾರಾಮಪ್ಪ ನೂಲು ಸುತ್ತುವುದನ್ನು ನಿಲ್ಲಿಸಿ ನೋಡಿದ. "ಯಾಕೆ, ಹೊಟ್ಟೆ ಕಟ್ಟೈತಾ? ಹರಳೆಣ್ಣೆ ತಂದ್ಕೊಡ್ಲಾ?"

"ಏನೂ ಬ್ಯಾಡ, ನಿಮ್ಮ ಕೆಲಸ ನೋಡಿ!"

ಅವನು ತನಗೆ ತಿಳಿಯದೆಯೇ ರೋಗದ ಬುಡಕ್ಕೆ ಕೈ ಹಾಕಿದ್ದ. ಆದರೆ ಗಂಡಂದಿರ ಮಾತಿಗೆ ಎಲ್ಲ ದಿನವೂ ಬೆಲೆ ಇರುವುದಿಲ್ಲವಾದ್ದರಿಂದ ಅದು ಅಲ್ಲಿಗೇ ನಿಂತಿತು.

ಕೆಲವು ವಾರ ಕಳೆದವು. ಕಡಿಮೆಯಾಗುವುದು ಹಾಗಿರಲಿ, ಜಾಸ್ತಿಯಾಯಿತು. ಒಂದು ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ತುಂಬಿದ ಬಿಂದಿಗೆ ಎತ್ತುವಾಗ ಕಾಲವರೆಗೂ ಇಳಿದುಹೋಯಿತು. ಬಿಂದಿಗೆಯ ನೀರನ್ನೇ ಮೈಮೇಲೆ ಚೆಲ್ಲಿಕೊಂಡು, ಕೈ ಜಾರಿತು ಎಂದು ಸುಳ್ಳು ಹೇಳಿ ಮನೆಗೆ ಬಂದಳು. ಮಗ್ಗದ ಮೇಲೆ ಒಂದು ಬಟ್ಟೆ ಹೊದಿಸಿ ಗಂಡನಿಗೆ ಹೇಳಿದಳು: "ಸೀಮಂತಕ್ಕೆ ನಾನು ಬರಾಕಿಲ್ಲ. ನಿಮ್ಮ ಅಕ್ಕನ್ನ ಕರ್ಕಂಡು ಹೋಗಿ. ಮಡ್ಲು ಅವ್ರೇ ತುಂಬ್ಲಿ. ಸೀರೆ ಅಂಗಡಿನಾಗೆ ತಕ್ಕೊಳ್ಳಿ."

ಸೀತಾರಾಮಪ್ಪ ಸುಲಭಕ್ಕೆ ಸಿಟ್ಟಾಗುವವನಲ್ಲ. ಆ ದಿನ ಆದ.

"ತಾಯಿ ಕಲ್ಲುಗುಂಡ್ನಂಗೆ ಇರೋವಾಗ ಸೋದರತ್ತೆ ಮಡ್ಲು ತುಂಬ್ತಾಳಾ? ಆ ಮಗಾ ಏನ್ ಮಾಡೈತೆ ನಿಂಗೆ? ಹೋದ್ಸಲ ಬಂದಾಗ ನನ್ನ ಕೇಳಿದ್ಳು, ಅಪ್ಪಾ, ಅವ್ವಂಗೆ ನನ್ನ ಕಂಡ್ರೆ ಯಾಕೆ ಬ್ಯಾಸ್ರ ಅಂತ. ಏನ್ ಹೇಳ್ಲಿ ನಾನು?"

ಅದು ರಾಮಾಂಜಿನಮ್ಮನಿಗೆ ಗೊತ್ತಿರಲಿಲ್ಲ. ಮಗಳು ಹಾಗೆ ಕೇಳಿದಳೇ? ರಾಮಾಂಜಿನಮ್ಮ ಅಲ್ಲಿಯೇ ಕೂತು, ಅಳುತ್ತಾ ಬೈಯುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ಎರಡು ಲಂಗ, ಕುಡಿಯದ ನೀರು, ಬಸ್ಸು, ಮಂಡಿ, ನಲ್ಲಿ, ಎಲ್ಲ.

ಸೀತಾರಾಮಪ್ಪ ಮಗ್ಗದ ಗುಂಡಿಯೊಳಗೆ ಇಣುಕಿ ನೋಡಿದ. "ಅಂಗಾದ್ರೆ ಆ ಗುಂಡಿಗೆ ಸಿಮೆಂಟು ಹಾಕ್ಸಿದ್ದು ದಂಡ," ಎಂದ. ಆಮೇಲೆ, "ನಮ್ಮವ್ವಂಗೂ ಹಿಂಗೇ ಆಯ್ತಿತ್ತು. ವಯಸ್ಸಾದ್ಮ್ಯಾಲೆ ಆಯ್ತದೆ, ಏನ್ ಮಾಡಾಕಾಯ್ತದೆ?" ಎಂದೂ ಸೇರಿಸಿದ.

"ವಯಸ್ಸಂತೆ ವಯಸ್ಸು!" ಬಾಗಿಲಲ್ಲಿ ತಿಪ್ಪಕ್ಕ ನಿಂತಿದ್ದಳು. ನಲ್ಲಿಯ ಹತ್ತಿರ ಆದದ್ದನ್ನು ನೋಡಿ ಹಿಂದೆಯೇ ಬಂದಿದ್ದಳು. "ಅವ್ಳಿಗಿಂತ ನಾನು ದೊಡ್ಡೋಳು ಭಾವ, ನಂಗೆ ಹೋಗಿಲ್ವಾ? ನಂಗೆ ಆಗಿದ್ದು ಇವ್ಳಿಗೆ ಯಾಕಾಗ್ಲಿಲ್ಲ ಅಂತ ಮೇಡಮ್ಮುನೇ ಕೇಳಣ. ನಾಳೆ ಗುರುವಾರ. ಏ ರಾಮಾಂಜಿ, ಏಳೇ."

ಆಸ್ಪತ್ರೆಯಲ್ಲಿ ಮೊದಲು ಡಾಕ್ಟರಮ್ಮ ನೋಡಿದರು. ಉರಿ ಇದೆಯೇ, ರಕ್ತ ಹೋಗುತ್ತದೆಯೇ, ಕೆಳಗೆ ಏನಾದರೂ ಜಾರಿ ಬಂದಹಾಗೆ ಅನ್ನಿಸುತ್ತದೆಯೇ ಎಂದು ಕೇಳಿದರು. ಉಚ್ಚೆಯನ್ನೂ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ, ಬೇರೆ ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಪರದೆಯ ಆಚೆಗೆ ಕಳಿಸಿದರು. ಅಲ್ಲಿ ಗಂಗಾದೇವಿ ಇದ್ದರು. ಕನ್ನಡಕ ಹಾಕಿಕೊಂಡ, ರಂಗಿಗಿಂತ ಸ್ವಲ್ಪವೇ ದೊಡ್ಡವಳಾದ ಹೆಣ್ಣುಮಗಳು.

"ಕೂತ್ಕೊಳ್ಳಿ ಅಮ್ಮ. ಮನೇಲಿ ನವಾರು ಮಂಚ ಇದೆಯಾ?"

ರೋಗ ತೋರಿಸಲು ಬಂದರೆ ಮಂಚದ ವಿಚಾರ ಕೇಳುತ್ತಾಳಲ್ಲ ಎಂದು ರಾಮಾಂಜಿನಮ್ಮ ತಿಪ್ಪಕ್ಕನ ಮುಖ ನೋಡಿದಳು. "ಐತೆ."

"ನಮ್ಮ ಸೊಂಟದ ಮೂಳೆಗಳ ತಳದಲ್ಲಿ, ಮುಂದಿನಿಂದ ಹಿಂದಿನವರೆಗೆ, ಆ ನವಾರಿನ ಪಟ್ಟಿಗಳ ಹಾಗೇ ಮಾಂಸಖಂಡ ಹೆಣೆದಿದೆ. ಉಚ್ಚೆ ಚೀಲ, ಗರ್ಭಕೋಶ, ಮಲದ ಕರುಳು, ಮೂರೂ ಅದರ ಮೇಲೆ ಕೂತಿರೋದು. ಹೆರಿಗೆ ಆದಾಗ, ಯಾವಾಗಲೂ ಭಾರ ಎತ್ತಿದಾಗ, ಮಲ ಕಟ್ಟಿ ಮುಕ್ಕಿದಾಗ, ವರ್ಷಗಟ್ಟಲೆ ಕೆಮ್ಮಿದಾಗ ಅದು ಸಡಿಲ ಆಗುತ್ತೆ. ನವಾರು ಜೋತುಬಿದ್ದರೆ ನೀವು ಮಂಚ ಬಿಸಾಕ್ತೀರಾ?"

"ಬಿಗಿ ಮಾಡ್ತೀವಿ."

"ಇಲ್ಲೂ ಅಷ್ಟೇ. ಇಷ್ಟು ದಿನ ಹೇಗೆ ಬಿಗಿ ಮಾಡ್ತಿದ್ರಿ, ತೋರಿಸಿ. ಸರಿಯಾಗಿ ತಿಳೀಬೇಕಾದರೆ ಕೈಗವಸು ಹಾಕ್ಕೊಂಡು ಒಳಗೆ ಬೆರಳಿಟ್ಟು ನೋಡಬೇಕು. ನೀವು ಒಪ್ಪಿದರೆ ಮಾತ್ರ. ಬೇಡ ಅಂದರೆ ಹೊರಗಿನಿಂದಲೇ ನೋಡೋಣ. ನಡುವೆ ಯಾವಾಗ ಸಾಕು ಅಂದರೂ ನಿಲ್ಲಿಸ್ತೀನಿ."

ರಾಮಾಂಜಿನಮ್ಮ ಯೋಚಿಸಿದಳು. ಮೂರು ಹೆರಿಗೆಗಳಲ್ಲಿ ಅವಳನ್ನು ಯಾರ್ಯಾರೋ ನೋಡಿದ್ದರು. ನೋಡಲೇ ಎಂದು ಕೇಳಿದವರು ಯಾರೂ ಇರಲಿಲ್ಲ. "ಆಗ್ಲಿ. ತಿಪ್ಪಕ್ಕ ಜತೆಗಿರ್ಲಿ," ಎಂದಳು. ತಿಪ್ಪಕ್ಕ ಕೈ ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಳು. ರಾಮಾಂಜಿನಮ್ಮ ಪರೀಕ್ಷೆಯ ಮಂಚದ ಮೇಲೆ ಮಲಗಿ, ಉಸಿರು ಹಿಡಿದು, ಹಲ್ಲು ಕಚ್ಚಿ, ಬಲವನ್ನೆಲ್ಲ ಹಾಕಿದಳು.

"ಸಾಕು ಅಮ್ಮ," ಎಂದರು ಗಂಗಾದೇವಿ. "ನೀವು ಎತ್ತುತ್ತಿಲ್ಲ. ಕೆಳಕ್ಕೆ ನೂಕುತ್ತಿದ್ದೀರಿ."

"ನಾನಾ? ಕಣ್ಣಾಗೆ ನೀರು ಬರಂಗೆ ಎತ್ತಿದೀನಿ ಕಣಮ್ಮ!"

"ಏನು ಕೆಲಸ ಮಾಡ್ತೀರಿ ನೀವು?"

"ಮಗ್ಗ. ಹುಟ್ದಾಗಿಂದ."

"ಮಗ್ಗದಲ್ಲಿ ನೂಲಿನ ಎಳೆ ಮೇಲಕ್ಕೆ ಏಳಬೇಕು ಅಂದರೆ ಏನು ಮಾಡ್ತೀರಿ?"

"ಕಾಲಾಗೆ ಹಲ್ಗೇನ ಕೆಳಕ್ಕೆ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಅವಳ ಮೈಗೆ ಬಾಲ್ಯದಿಂದ ಗೊತ್ತಿದ್ದದ್ದು ಒಂದೇ ದಾರಿ: ಮೇಲಕ್ಕೆ ಎತ್ತಬೇಕಾದರೆ ಕೆಳಕ್ಕೆ ಒತ್ತಬೇಕು. ಮಗ್ಗಕ್ಕೆ ಅದು ಸರಿ. ಮೈಯ ನವಾರಿಗೆ ಅದು ಜೋತುಬಿದ್ದ ಮಂಚದ ಮೇಲೆ ಹತ್ತಿ ಕುಣಿದಹಾಗೆ. ವಾರಗಟ್ಟಲೆ ಅವಳು ಶ್ರದ್ಧೆಯಿಂದ ಕುಣಿದಿದ್ದಳು.

ಮೊದಲು ನಕ್ಕವಳು ತಿಪ್ಪಕ್ಕ. ರಾಮಾಂಜಿನಮ್ಮನಿಗೂ ತಡೆಯಲಾಗಲಿಲ್ಲ. ನಕ್ಕಳು, ಮಾಮೂಲಿನಂತೆ ಆಗಬೇಕಾದದ್ದೂ ಆಯಿತು, ಹಾಸಿದ್ದ ಬಟ್ಟೆ ಒದ್ದೆಯಾಯಿತು. ಗಂಗಾದೇವಿ ಮುಖ ಕೂಡ ತಿರುಗಿಸದೆ ಇನ್ನೊಂದು ಬಟ್ಟೆ ಕೊಟ್ಟರು. "ಬಹಳ ಜನ ಹೀಗೇ ಮಾಡೋದು ಅಮ್ಮ, ನೀವೊಬ್ಬರೇ ಅಲ್ಲ. ಅದಕ್ಕೇ ಕೇಳಿ ಕಲಿತರೆ ಸಾಲದು, ತೋರಿಸಿ ಕಲೀಬೇಕು. ಈಗ ಮತ್ತೆ ಮಲಗಿ, ಮಂಡಿ ಮಡಚಿ. ಹತ್ತು ಜನರ ನಡುವೆ ಕೂತಿದ್ದೀರಿ, ಗಾಳಿ ಹೋಗೋ ಹಾಗಾಯ್ತು. ಏನು ಮಾಡ್ತೀರಿ?"

"ಬಿಗಿ ಹಿಡೀತೀನಿ."

"ಹಿಡೀರಿ. ಆ ಬಿಗೀನ ಹಾಗೇ ಮುಂದಕ್ಕೆ ತನ್ನಿ, ಉಚ್ಚೆ ತಡೆಯೋ ಹಾಗೆ. ಈಗ ಒಳಕ್ಕೆ, ಮೇಲಕ್ಕೆ. ಹೊಟ್ಟೆ ಉಬ್ಬಬಾರದು, ತೊಡೆ ಬಿಗಿಯಬಾರದು, ಉಸಿರು ನಿಲ್ಲಬಾರದು. ಮಾಡ್ತಾ ಮಾಡ್ತಾ ನಿಮ್ಮ ಮಗಳ ಹೆಸರು ಹೇಳಿ."

"ರಂಗಲಕ್ಷ್ಮಮ್ಮ," ಎಂದಳು ರಾಮಾಂಜಿನಮ್ಮ. ಒಳಗೆ ಎಲ್ಲೋ ಒಂದು ಸಣ್ಣ ಎಳೆ, ನಿಜವಾಗಿಯೂ ಮೇಲಕ್ಕೆ, ಎದ್ದಿತು. ಇಷ್ಟು ಮೆತ್ತಗಿನ ಕೆಲಸಕ್ಕೆ ತಾನು ಎತ್ತಿನ ಬಲ ಹಾಕಿದ್ದೆನಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

"ಅದೇ! ಲಾಳಿ ಅತ್ತಿಂದಿತ್ತ ಎರಡು ಮೂರು ಸಲ ಓಡೋಷ್ಟು ಹೊತ್ತು ಹಿಡೀರಿ. ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಬಿಡೋದೂ ಹಿಡಿಯೋದರಷ್ಟೇ ಮುಖ್ಯ. ಒಂದು ಹತ್ತು ಸಲ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಮೊದಲು ಮಲಗಿ, ಪಳಗಿದ ಮೇಲೆ ಕೂತು, ಆಮೇಲೆ ನಿಂತು. ಕೆಮ್ಮೋ ಮುಂಚೆ, ಸೀನೋ ಮುಂಚೆ, ಬಿಂದಿಗೆ ಎತ್ತೋ ಮುಂಚೆ ಒಂದು ಸಲ ಬಿಗಿ ಹಿಡಿದು ಆಮೇಲೆ ಮಾಡಿ. ನೀರು ಎಷ್ಟು ಕುಡೀತೀರಿ?"

ರಾಮಾಂಜಿನಮ್ಮ ಮೇಲಿನ ಸೂರು ನೋಡಿದಳು. ಗಂಗಾದೇವಿಗೆ ಉತ್ತರ ಸಿಕ್ಕಿತು.

"ನೀರು ಬಿಟ್ಟರೆ ಉಚ್ಚೆ ಖಾರವಾಗಿ ಚೀಲ ಇನ್ನೂ ರೇಗುತ್ತೆ, ಮಲವೂ ಗಟ್ಟಿಯಾಗುತ್ತೆ. ಚೆನ್ನಾಗಿ ಕುಡೀರಿ. ಕಾಫಿ ಟೀ ಕಮ್ಮಿ ಮಾಡಿ. ಹೋಗಬೇಕು ಅನ್ನಿಸದೆ ಇದ್ದರೂ ಯಾವುದಕ್ಕೂ ಇರಲಿ ಅಂತ ಹೋಗೋ ಅಭ್ಯಾಸ ಬಿಡಿ."

ತಿಪ್ಪಕ್ಕ ಮುಂದೆ ಬಂದಳು. "ನಂದು ಸರಿಯಾಗೈತೆ ಅಲ್ವಾ ಮೇಡಮ್ಮ? ನಾನು ಉಚ್ಚೆಗೆ ಕುಂತಾಗ ನಿಲ್ಸಿ ನಿಲ್ಸಿ ಮಾಡ್ತೀನಿ."

"ಅಯ್ಯೋ, ಅದು ಬೇಡ! ಚೀಲ ಪೂರ್ತಿ ಖಾಲಿಯಾಗಲ್ಲ. ನಿಮಗೆ ಹಾಗೆ ಹೇಳಿರಲಿಲ್ಲವಲ್ಲ?"

"ನಾನೇ ಸೇರಿಸ್ಕೊಂಡೆ," ಎಂದಳು ತಿಪ್ಪಕ್ಕ, ಸ್ವಲ್ಪ ಕುಗ್ಗಿದ ದನಿಯಲ್ಲಿ. ತಕ್ಷಣ ಚೇತರಿಸಿಕೊಂಡು, "ಆಗ್ಲಿ, ಇನ್ಮ್ಯಾಕೆ ಬೀದಿಗೆಲ್ಲ ಸರಿಯಾಗಿ ನಾನೇ ಹೇಳ್ಕೊಡ್ತೀನಿ," ಎಂದಳು.

"ವದ್ದು ಅಮ್ಮ, ಬೇಡ! ಹೇಳಿಕೊಡಬೇಡಿ, ಕರ್ಕೊಂಡು ಬನ್ನಿ. ಕೆಲವರಿಗೆ ಆ ಜಾಗ ಸಡಿಲ ಅಲ್ಲ, ಅತಿ ಬಿಗಿಯಾಗಿ ನೋವಿರುತ್ತೆ. ಅವರಿಗೆ ಬಿಡೋದು ಕಲಿಸಬೇಕು. ಬಿಗಿ ಮಾಡಿಸಿದರೆ ನೋವು ಹೆಚ್ಚಾಗುತ್ತೆ. ಕೆಲವರಿಗೆ ಗರ್ಭಕೋಶ ಜಾರಿರುತ್ತೆ, ಅವರಿಗೆ ಬೇರೆ ಚಿಕಿತ್ಸೆಯೂ ಬೇಕಾಗಬಹುದು. ಯಾರಿಗೆ ಏನು ಅಂತ ನೋಡದೆ ಹೇಳಕ್ಕಾಗಲ್ಲ."

ಹೊರಗೆ ಬೆಂಚಿನ ಮೇಲೆ, ಜತೆಗೆ ಬಂದಿದ್ದ ಸೀತಾರಾಮಪ್ಪ ಏನನ್ನೂ ಕೇಳಿಸಿಕೊಳ್ಳದವನಂತೆ ಕೂತಿದ್ದ. ಗಂಗಾದೇವಿ ಅವನಿಗೂ ಎರಡು ಮಾತು ಹೇಳಿದರು: "ಮೂರು ತಿಂಗಳಾದರೂ ಬೇಕು. ಮೊದಲು ಏನೂ ಕಾಣಲ್ಲ, ಬಿಡದ ಹಾಗೆ ನೋಡ್ಕೊಳ್ಳಿ. ಅಲ್ಲೀವರೆಗೆ ಭಾರದ ಬಿಂದಿಗೆ ನಿಮ್ಮದು. ಹಾಂ, ಆ ಮಾಂಸಖಂಡ ಗಂಡಸರಿಗೂ ಇದೆ, ಉಚ್ಚೆ ಹೊಯ್ದು ಬಂದ ಮೇಲೂ ತೊಟ್ಟಿಕ್ಕೋ ತೊಂದರೆ ಅವರಿಗೂ ಬರುತ್ತೆ. ಇದ್ದರೆ ಡಾಕ್ಟರ ಹತ್ತಿರ ಹೇಳ್ಕೊಳ್ಳಬೇಕು."

"ನಂಗೇನಿಲ್ಲಮ್ಮ," ಎಂದ ಸೀತಾರಾಮಪ್ಪ, ಕೇಳುವುದಕ್ಕಿಂತ ಮುಂಚೆಯೇ.

ಮಾರನೇ ದಿನ ಬೀದಿ ನಲ್ಲಿಯಲ್ಲಿ ಬಿಂದಿಗೆ ಹೊತ್ತು ನಿಂತ ಸೀತಾರಾಮಪ್ಪನನ್ನು ನೋಡಿ ಬೀದಿ ನಕ್ಕಿತು. "ಏನಪ್ಪ, ಹೆಂಡ್ತಿ ಮನೆ ಬಿಟ್ಟು ಓಡಿಸ್ಬುಟ್ಲಾ?" ಎಂದ ನಾರಪ್ಪ. ಅವನ ಕಿವಿಯ ಹಿಂದೆ ಇನ್ನೂ ಸ್ವಲ್ಪ ನೀಲಿ ಉಳಿದಿತ್ತು. ಸೀತಾರಾಮಪ್ಪ ಆ ನೀಲಿಯನ್ನೇ ದಿಟ್ಟಿಸಿ ನೋಡಿದ. ನಾರಪ್ಪ ಕಿವಿ ಉಜ್ಜಿಕೊಳ್ಳುತ್ತಾ ಮನೆಯ ಕಡೆ ನಡೆದ.

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ರಾಮಾಂಜಿನಮ್ಮ ಮಾಡುತ್ತಲೇ ಹೋದಳು, ಗೊಣಗುತ್ತಲೂ ಹೋದಳು. ಗುರುವಾರ ಗಂಗಾದೇವಿಗೆ ತೋರಿಸಿಬರುತ್ತಿದ್ದಳು. ಎರಡನೆಯ ತಿಂಗಳು ಮುಗಿಯುತ್ತಾ ಬಂದಾಗ ಒಂದು ಮಧ್ಯಾಹ್ನ ಒಗ್ಗರಣೆಯ ಮೆಣಸಿನಕಾಯಿ ಘಾಟು ಮೂಗಿಗೆ ಹೊಡೆಯಿತು. ಅವಳು ಥಟ್ಟನೆ ಬಿಗಿ ಹಿಡಿದು, ಆಮೇಲೆ ಸೀನಿದಳು. ಮನೆ ಅದುರುವಂಥ ಸೀನು. ಸೌಟು ಹಿಡಿದುಕೊಂಡೇ ಕಾದು ನೋಡಿದಳು. ಏನೂ ಆಗಿರಲಿಲ್ಲ. ಇನ್ನೊಮ್ಮೆ ಸೀನಲೆಂದು ಬಾಣಲೆಯ ಮೇಲೆ ಬಗ್ಗಿ ಘಾಟು ಎಳೆದುಕೊಂಡಳು. ಆ ದಿನದ ಸಾರು ಸೀದುಹೋಯಿತು. ಸೀತಾರಾಮಪ್ಪ ಅದನ್ನೇ ಕಲಸಿಕೊಂಡು ಉಂಡ.

ಮಗ್ಗದ ಮೇಲಿನ ಬಟ್ಟೆ ಸರಿಯಿತು. ಈಗ ಅವಳು ಹೊಸದೊಂದು ವಿದ್ಯೆ ಕಲಿಯಬೇಕಿತ್ತು: ಕಾಲು ಕೆಳಕ್ಕೆ ಒತ್ತುತ್ತಿರುವಾಗಲೇ ಒಳಗಿನದು ಮೇಲಕ್ಕೆ ಏಳಬೇಕು. ಮೊದಲು ಎರಡೂ ಜಗಳವಾಡಿದವು. ಬರಬರುತ್ತಾ ಹೊಂದಿಕೊಂಡವು. ಹಸಿರು ಸೀರೆ ಬೆರಳಳತೆಯಿಂದ ಗೇಣಳತೆಗೆ, ಗೇಣಿನಿಂದ ಮೊಳಕ್ಕೆ ಬೆಳೆದು, ಸೀಮಂತಕ್ಕೆ ಮುಂಚೆ ಪೂರ್ತಿಯಾಗಿ ಮಗ್ಗದಿಂದ ಇಳಿಯಿತು.

ಸೀಮಂತದ ಹಿಂದಿನ ದಿನ ಗಂಡ ಹೆಂಡತಿ ಬಸ್‌ಸ್ಟ್ಯಾಂಡಿಗೆ ಬಂದರು. ರಾಮಾಂಜಿನಮ್ಮ ಟ್ರಂಕಿನ ತಳದಿಂದ ತೆಗೆದ ಹಳದಿ ಸೀರೆ ಉಟ್ಟಿದ್ದಳು. ಬಸ್ಸು ಹತ್ತುವ ಮುಂಚೆ ಒಂದು ಲೋಟ ಮಜ್ಜಿಗೆಯನ್ನೂ ಕುಡಿದಳು.

"ಬ್ಯಾಡ ಕಣೆ, ದಾರಿ ದೂರ," ಎಂದ ಸೀತಾರಾಮಪ್ಪ.

"ನಿಮಗೇನ್ ಗೊತ್ತು, ಸುಮ್ನಿರಿ."

ರಸ್ತೆಯಲ್ಲಿ ಹೊಂಡಗಳಿದ್ದವು, ಹೊಂಡಗಳ ನಡುವೆ ಅಷ್ಟಿಷ್ಟು ರಸ್ತೆಯೂ ಇತ್ತು. ಬಸ್ಸು ಎದ್ದು ಬಿದ್ದಾಗಲೆಲ್ಲ ಅವಳು ಒಳಗೆ ಎತ್ತಿ ಹಿಡಿದಳು, ಬಿಟ್ಟಳು. ಧೂಳಿಗೆ ಕೆಮ್ಮು ಬಂತು, ಹಿಡಿದಳು, ಕೆಮ್ಮಿದಳು.

ಪಕ್ಕದಲ್ಲಿ ಸೀತಾರಾಮಪ್ಪ ಬಹಳ ಹೊತ್ತಿನಿಂದ ದೇವರ ಮುಂದೆ ಕೂತವನ ಮುಖ ಮಾಡಿಕೊಂಡು ಕೂತಿದ್ದ.

"ಏನ್ ಮಾಡ್ತಾ ಇದೀರಿ?"

"ಏನಿಲ್ಲ. ಹೊಲ ಗದ್ದೆ ನೋಡ್ತಾ ಇದೀನಿ."

ಕಿಟಕಿ ಇದ್ದದ್ದು ಅವಳ ಕಡೆಗೆ. ಅವನು ನೋಡುತ್ತಿದ್ದದ್ದು ಮುಂದಿನ ಸೀಟಿನ ಬೆನ್ನನ್ನು. "ಉಸಿರು ಹಿಡೀಬ್ಯಾಡಿ," ಎಂದಷ್ಟೇ ಹೇಳಿ ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. "ಬರೋ ಗುರುವಾರ ನೀವೂ ಡಾಕ್ಟ್ರಿಗೆ ತೋರಿಸ್ಕಳ್ಳಿ." ಅವನು ಕೇಳಿಸಲಿಲ್ಲ ಎನ್ನುವಂತೆ ತಲೆಯಾಡಿಸಿದ.

ಕಲ್ಯಾಣದುರ್ಗದಲ್ಲಿ ಇಳಿದಾಗ ಒಂದು ತೊಟ್ಟು ಹೋಗಿದ್ದಿರಬಹುದು. ಅವಳು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬೀಗರ ಮನೆಯ ಜಗಲಿಯಲ್ಲಿ ಬೀಗಿತ್ತಿ ತಂಬಿಗೆಯಲ್ಲಿ ನೀರು ತಂದು ಮುಂದೆ ಇಟ್ಟಳು. ಇಟ್ಟು, ಏನಾಗುತ್ತದೋ ನೋಡೋಣವೆಂದು ಪಕ್ಕಕ್ಕೆ ನಿಂತಳು. ಬಾಗಿಲಲ್ಲಿ ಏಳು ತಿಂಗಳ ಬಸುರಿ ರಂಗಲಕ್ಷ್ಮಮ್ಮ ನಿಂತಿದ್ದಳು, ಅವ್ವನ ಮುಖವನ್ನೇ ನೋಡುತ್ತಾ.

ರಾಮಾಂಜಿನಮ್ಮ ತಂಬಿಗೆ ಎತ್ತಿದಳು. ನಡುವೆ ನಿಲ್ಲಿಸದೆ, ಗಟಗಟನೆ, ತಳದ ಹನಿಯವರೆಗೂ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಖಾಲಿ ತಂಬಿಗೆಯನ್ನು ಮುಂದೆ ಚಾಚಿದಳು.

"ನಿಮ್ಮೂರ ನೀರು ಸಿಹಿಯಾಗೈತಲ್ಲ ಬೀಗಿತ್ತಿ. ಇನ್ನೊಂದು ತಂಬಿಗೆ ತನ್ನಿ."

ಮಾರನೇ ದಿನ ಹಸಿರು ಸೀರೆ ಉಟ್ಟ ಮಗಳ ಮಡಿಲನ್ನು ಅವಳೇ ತುಂಬಿದಳು. ಎಲ್ಲ ಮುಗಿದ ಮೇಲೆ ರಂಗಲಕ್ಷ್ಮಮ್ಮ ಅವ್ವನನ್ನು ಅಡಿಗೆಮನೆಯ ಮೂಲೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: "ಅವ್ವಾ, ಈಗೀಗ ಕೆಮ್ಮಿದ್ರೆ ನಂಗೆ..." ಮುಂದೆ ಹೇಳಲಾರದೆ ತಲೆ ತಗ್ಗಿಸಿದಳು.

ರಾಮಾಂಜಿನಮ್ಮನಿಗೆ ಎಲ್ಲವೂ ಬಾಯಿಯ ತುದಿಗೇ ಬಂತು. ಒಳಗೆ ಬಿಗಿ ಹಿಡಿ, ಮೇಲಕ್ಕೆ ಎತ್ತು, ಅಷ್ಟೇ. ಆಮೇಲೆ ತಿಪ್ಪಕ್ಕನ ನೆನಪಾಯಿತು, ಹುಣಿಸೇ ಮಂಡಿಯ ನೆನಪಾಯಿತು. ಬಾಯಿ ಮುಚ್ಚಿಕೊಂಡಳು.

"ನಾಚ್ಕೊಬ್ಯಾಡ ಮಗಾ. ಹೆರಿಗೆಗೆ ಹೆಂಗೂ ನಮ್ಮನೆಗೇ ಬತ್ತೀಯ. ಬಂದ ಗುರುವಾರವೇ ಗಂಗಾದೇವಿ ಮೇಡಮ್ಮು ಹತ್ರ ಹೋಗಣ. ಬಸುರಾಗಿದ್ದಾಗ್ಲೂ ಮಾಡ್ಬೋದಂತೆ, ಹೆತ್ತ ಮ್ಯಾಕಂತೂ ಮಾಡ್ಲೇಬೇಕಂತೆ. ಅವರೇ ನೋಡಿ ಹೇಳ್ಕೊಡ್ಲಿ. ಈಗ ಮೊದ್ಲು ನೀರು ಕುಡಿ."

ಓದುತ್ತಿರುವ ಅಕ್ಕ, ಓದುವುದನ್ನು ಕೇಳಿಸಿಕೊಳ್ಳುತ್ತಿರುವ ತಂಗಿ, ಸೀನುವ ಮುಂಚೆ ನೀವೂ ಕಾಲಿಗೆ ಕಾಲು ಹೆಣೆಯುತ್ತೀರಾ? ಬಸ್ಸಿಗೆ ಹೆದರಿ ಮದುವೆ, ಸೀಮಂತ ಬಿಟ್ಟಿದ್ದೀರಾ? ಹಾಗಾದರೆ ನೀವು ಒಬ್ಬರೇ ಅಲ್ಲ. ನಿಮ್ಮ ಬೀದಿಯಲ್ಲೂ ಎರಡು ಲಂಗದವರು ಬಹಳ ಜನ ಇದ್ದಾರೆ. ಇದು ವಯಸ್ಸಿನ ಶಾಪವಲ್ಲ, ಹೆತ್ತ ತಪ್ಪಿಗೆ ದಂಡವೂ ಅಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಹೇಳಿ. ಉರಿ, ರಕ್ತ, ನೋವು, ಏನಾದರೂ ಜಾರಿದಂತೆ ಅನ್ನಿಸುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ವ್ಯಾಯಾಮವನ್ನು ತಿಳಿದವರ ಮುಂದೆ ಒಮ್ಮೆ ಮಾಡಿ ತೋರಿಸಿ, ಎತ್ತುತ್ತಿದ್ದೀರೋ ನೂಕುತ್ತಿದ್ದೀರೋ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಕೆಲವು ತಿಂಗಳು ಬಿಡದೆ ಮಾಡಿ. ಮನೆಯ ಗಂಡಸರೇ, ಅಲ್ಲಿಯವರೆಗೆ ಬಿಂದಿಗೆ ನೀವು ಹೊರಿ. ನಾರಪ್ಪನಂಥವರು ನಕ್ಕರೆ ನಗಲಿ.

ಈ ಕಥೆ ಓದಿ ಮುಗಿಸಿದ ಮೇಲೆ ಎಲ್ಲರೂ ಒಂದೊಂದು ಲೋಟ ನೀರು ಕುಡಿಯಿರಿ. ಯಾರು ಲೋಟವನ್ನು ಹಾಗೇ ಪಕ್ಕಕ್ಕೆ ಇಡುತ್ತಾರೋ, ಬರುವ ವಾರ ಅವರ ಜತೆಗೆ ಆಸ್ಪತ್ರೆಗೆ ನೀವು ಹೋಗಿ.